ವಿಮಾನ ಹಾರದ ದಿನದ ಲೆಕ್ಕ

ಪಾಯಿಂಟ್ ಕೊಟ್ಟರು, ಬಂಗಾರದ ಬಣ್ಣದ ಕಾರ್ಡ್ ಕೊಟ್ಟರು, ಬಾಗಿಲಲ್ಲಿ ನಿಂತು ಕೈಮುಗಿದರು. ಆದರೂ ಪ್ರಯಾಣಿಕ ಪಕ್ಕದ ವಿಮಾನ ಹತ್ತಿದ! ಗ್ರೇಟರ್ ನೋಯ್ಡಾದ ಮಗ್ಗುಲಲ್ಲೇ ಹೊಸ ನಿಲ್ದಾಣ ಎದ್ದಿದೆ. ಬೆಂಗಳೂರಿಗೂ ಹುಬ್ಬಳ್ಳಿಗೂ ಓಡಾಡುವ ಅಲ್ಲಿನ ಕನ್ನಡಿಗ ಯಾರನ್ನು ನಂಬಿ ಟಿಕೆಟ್ ತೆಗೆಸಬೇಕು?

ಹುಬ್ಬಳ್ಳಿಯ ಒಂದು ಸಭಾಂಗಣ. 2025ರ ಡಿಸೆಂಬರ್ 3, ಬುಧವಾರ. ಆರತಕ್ಷತೆಗೆ ಬಂಧುಬಳಗ ಸೇರಿದೆ. ವೇದಿಕೆಯಲ್ಲಿ ಮದುಮಕ್ಕಳಿಗೆಂದು ಇಟ್ಟ ಆಸನದಲ್ಲಿ ಮದುಮಗಳ ಅಪ್ಪ, ಅಮ್ಮ ಕೂತಿದ್ದಾರೆ. ಮದುಮಕ್ಕಳು ಮಾತ್ರ ದೊಡ್ಡ ಪರದೆಯ ಮೇಲೆ! ಭುವನೇಶ್ವರದಲ್ಲಿ ಸಿಂಗರಿಸಿಕೊಂಡು ಕ್ಯಾಮೆರಾ ಎದುರು ಕೂತ ಜೋಡಿ, ತಮ್ಮದೇ ಆರತಕ್ಷತೆಗೆ ಬಂದವರನ್ನು ಅಲ್ಲಿಂದಲೇ ಮಾತನಾಡಿಸುತ್ತಿದೆ.

ಅವರು ಹಿಂದಿನ ದಿನವೇ ಭುವನೇಶ್ವರದಿಂದ ಬೆಂಗಳೂರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಬರಬೇಕಿತ್ತು. ವಿಮಾನ ತಡ ಎಂದರು. ಇನ್ನೂ ತಡ ಎಂದರು. ರಾತ್ರಿಯೆಲ್ಲ ಹೀಗೇ ಕಳೆದು, ನಸುಕಿನಲ್ಲಿ ರದ್ದು ಎಂದರು. ಬೇರೆ ದಾರಿ ಹುಡುಕಲು ಹೊತ್ತೇ ಉಳಿದಿರಲಿಲ್ಲ. ನೆಂಟರಿಗೆ ಕರೆಯೋಲೆ ಹೋಗಿಯಾಗಿತ್ತು, ಅಡುಗೆಯವರಿಗೆ ಮುಂಗಡವೂ ಸಂದಿತ್ತು.

ಆ ವಾರ ದೇಶದ ತುಂಬ ಇಂಥ ಕಥೆಗಳೇ. ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನಗಳಲ್ಲಿ ಇಂಡಿಗೊ ಸಂಸ್ಥೆಯ 2,507 ವಿಮಾನಗಳು ರದ್ದಾದವು, 1,852 ತಡವಾದವು. ಮೂರು ಲಕ್ಷಕ್ಕೂ ಹೆಚ್ಚು ಜನ ನಡುದಾರಿಯಲ್ಲಿ ಉಳಿದರು. 5ರಂದು ದೆಹಲಿಯಿಂದ ಹೊರಡಬೇಕಿದ್ದ ತನ್ನ ದೇಶೀಯ ವಿಮಾನಗಳನ್ನು ಸಂಸ್ಥೆ ಮಧ್ಯರಾತ್ರಿಯವರೆಗೆ ಪೂರ್ತಿ ನಿಲ್ಲಿಸಿಬಿಟ್ಟಿತು. ನಿಲ್ದಾಣಗಳಲ್ಲಿ ವಾರಸುದಾರರಿಲ್ಲದ ಸೂಟ್‌ಕೇಸ್‌ಗಳ ರಾಶಿ ಬಿದ್ದಿತ್ತು.

ಕಾರಣ ಗುಟ್ಟಿನದೇನಲ್ಲ. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತ್ತು, ರಾತ್ರಿ ವಿಮಾನ ಇಳಿಸುವುದಕ್ಕೆ ಮಿತಿ ಬಿದ್ದಿತ್ತು. ಈ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬರುವುದು ಮೊದಲೇ ಗೊತ್ತಿತ್ತು. ಸಂಸ್ಥೆ ಮಾತ್ರ ಅದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ.

ಆದರೆ ಅಂದು ಕೌಂಟರ್ ಎದುರು ನಿಂತು ಕೂಗಾಡಿದವರು ಪೈಲಟ್‌ಗಳ ನಿದ್ದೆಯ ಬಗ್ಗೆ ಕೂಗಾಡಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ವಿಮಾನ ಹೊರಡುತ್ತದೋ ಇಲ್ಲವೋ, ಅದನ್ನಾದರೂ ಹೇಳಿ ಸ್ವಾಮಿ!' ಹೇಳುವವರು ಯಾರೂ ಇರಲಿಲ್ಲ.

ಪರಿ ಚೌಕ್‌ನಿಂದ ಎರಡು ದಾರಿ

ಗ್ರೇಟರ್ ನೋಯ್ಡಾದಲ್ಲಿ ಕನ್ನಡಿಗರು ಗುಂಪಾಗಿ ಸಿಗುವುದಿಲ್ಲ, ಚದುರಿ ಸಿಗುತ್ತಾರೆ. ಕಾಲೇಜಿನ ಹಾಸ್ಟೆಲ್‌ನಲ್ಲಿ ಒಬ್ಬ, ಸಾಫ್ಟ್‌ವೇರ್ ಕಚೇರಿಯಲ್ಲಿ ಇನ್ನೊಬ್ಬಳು, ಮಗನ ಫ್ಲ್ಯಾಟ್‌ಗೆ ಚಳಿಗಾಲ ಕಳೆಯಲು ಬಂದು 'ಇದೆಂಥ ಚಳಿಯಪ್ಪಾ' ಎಂದು ಶಾಲು ಹೊದ್ದು ಕೂತ ಅಪ್ಪ, ಅಮ್ಮ. ಒಂದು ತಲೆಮಾರಿನ ಹಿಂದೆ ಇವರೆಲ್ಲರ ಊರಿನ ದಾರಿ ಕರ್ನಾಟಕ ಎಕ್ಸ್‌ಪ್ರೆಸ್. ಎರಡು ರಾತ್ರಿ ರೈಲಿನಲ್ಲೇ ಮಲಗಿ ಎದ್ದರೆ ಊರು. ಈಗ ಎರಡೂಮುಕ್ಕಾಲು ಗಂಟೆಯ ವಿಮಾನ.

ಆದರೆ ವಿಮಾನಕ್ಕಿಂತ ವಿಮಾನ ನಿಲ್ದಾಣಕ್ಕೆ ಹೋಗುವುದೇ ದೊಡ್ಡ ಪ್ರಯಾಣ. ಪಾಲಂ ಕಡೆಯ ಇಂದಿರಾ ಗಾಂಧಿ ನಿಲ್ದಾಣ ಮುಟ್ಟಲು ದೆಹಲಿಯನ್ನು ಅಡ್ಡಡ್ಡ ಸೀಳಿಕೊಂಡು ಹೋಗಬೇಕು. ಬೆಳಗಿನ ಏಳರ ವಿಮಾನಕ್ಕೆ ಮೂರಕ್ಕೇ ಏಳಬೇಕು. ಜನವರಿಯ ಮಂಜಿನಲ್ಲಾದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಮುಂದಿನ ಟ್ರಕ್ಕಿನ ಕೆಂಪು ದೀಪವೇ ದಾರಿಗಂಬ.

ಇನ್ನೊಂದು ದಾರಿ ಈಗ ತೆರೆದುಕೊಳ್ಳುತ್ತಿದೆ. ಊರಿನ ಮುಖ್ಯ ವೃತ್ತ ಪರಿ ಚೌಕ್‌ನಿಂದ ದೆಹಲಿಗೆ ಬೆನ್ನು ತಿರುಗಿಸಿ, ಆಗ್ರಾ ಕಡೆಗೆ ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದರೆ ಜೇವರ್. ಅಲ್ಲಿ ನೋಯ್ಡಾ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. 2021ರ ನವೆಂಬರ್ 25ರಂದು ಶಂಕುಸ್ಥಾಪನೆಯಾಯಿತು. 2024ರ ಡಿಸೆಂಬರ್ 9ರಂದು 3,900 ಮೀಟರ್ ಉದ್ದದ ರನ್‌ವೇ ಮೇಲೆ ಇಂಡಿಗೊ ವಿಮಾನವೊಂದು ಪರೀಕ್ಷಾರ್ಥ ಇಳಿಯಿತು. ಮೊದಲ ಹಂತದಲ್ಲೇ ವರ್ಷಕ್ಕೆ 1.2 ಕೋಟಿ ಪ್ರಯಾಣಿಕರನ್ನು ನಿಭಾಯಿಸುವ ಲೆಕ್ಕ. ಇಂಡಿಗೊ, ಆಕಾಸ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮೂರೂ ಇಲ್ಲಿಂದ ಹಾರುತ್ತೇವೆ ಎಂದು ಮೊದಲೇ ಮುಂದೆ ಬಂದವು.

ಇವೆರಡಲ್ಲದೆ ಗಾಜಿಯಾಬಾದ್‌ನ ಹಿಂಡನ್ ಕೂಡ ಇದೆ. ವಾಯುಪಡೆಯ ನೆಲೆಯ ಮಗ್ಗುಲಲ್ಲಿರುವ ಪುಟ್ಟ ಟರ್ಮಿನಲ್. ಉತ್ತರ ಕರ್ನಾಟಕದವರಿಗೆ ಇದು ಹೊಸ ಹೆಸರಲ್ಲ. 2019ರ ನವೆಂಬರ್‌ನಲ್ಲಿ ಸ್ಟಾರ್ ಏರ್ ತನ್ನ 50 ಸೀಟಿನ ಎಂಬ್ರೇಯರ್ ವಿಮಾನವನ್ನು ಹುಬ್ಬಳ್ಳಿಯಿಂದ ನೇರ ಹಿಂಡನ್‌ಗೆ ಹಾರಿಸಿತು. ಬೆಂಗಳೂರಿಗೋ ಮುಂಬೈಗೋ ಹೋಗಿ ವಿಮಾನ ಬದಲಿಸುವ ರಗಳೆ ತಪ್ಪಿತು. ಅದರಲ್ಲಿ ಸಿನಿಮಾ ಪರದೆ ಇರಲಿಲ್ಲ, ಚಿನ್ನದ ಕಾರ್ಡ್ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಹತ್ತಿದರೆ ದೆಹಲಿಯ ಅಂಚಿನಲ್ಲಿ ಇಳಿಸುತ್ತಿತ್ತು, ಅಷ್ಟೇ. ಧಾರವಾಡದವರಿಗೆ ಅಷ್ಟೇ ಬೇಕಾಗಿತ್ತು. 2025ರ ಮಾರ್ಚ್‌ನಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹಿಂಡನ್‌ನಿಂದ ಬೆಂಗಳೂರಿಗೂ ಹಾರತೊಡಗಿತು.

ಒಂದೇ ನಿಲ್ದಾಣ ಇದ್ದಾಗ 'ಯಾವ ವಿಮಾನ' ಎಂಬುದಷ್ಟೇ ಪ್ರಶ್ನೆ. ಈಗ 'ಎಲ್ಲಿಂದ' ಎಂಬುದೂ ಸೇರಿತು. ದಾರಿ ಹೆಚ್ಚಾದ ಕೂಡಲೇ ಗಿರಾಕಿಗೆ ಹಳೆಯ ಲೆಕ್ಕಗಳೆಲ್ಲ ನೆನಪಾಗುತ್ತವೆ: ಯಾರು ರಾತ್ರಿಯಿಡೀ ಕಾಯಿಸಿದರು, ಯಾರು ಫೋನ್ ಎತ್ತಲಿಲ್ಲ, ಯಾರು ಅಜ್ಜಿಗೆ ವೀಲ್‌ಚೇರ್ ತಂದು ಕೊಟ್ಟರು.

ಪಾಯಿಂಟ್ ಎಂಬ ಮಾಯೆ

ಪ್ರಯಾಣಿಕನನ್ನು ಕಟ್ಟಿಹಾಕುವ ಈ ಪಾಯಿಂಟ್ ಆಟಕ್ಕೆ ದೊಡ್ಡ ಮಟ್ಟದಲ್ಲಿ ಚಾಲನೆ ಕೊಟ್ಟದ್ದು ಅಮೆರಿಕನ್ ಏರ್‌ಲೈನ್ಸ್, 1981ರ ಮೇ 1ರಂದು. ಹಾರಿದಷ್ಟು ಮೈಲಿ ಖಾತೆಗೆ ಜಮೆ. ಜಮೆಯಾದಷ್ಟಕ್ಕೆ ಬಿಟ್ಟಿ ಟಿಕೆಟ್. ಕಂಪನಿಯ ಖರ್ಚಿನಲ್ಲಿ ಓಡಾಡುವ ಅಧಿಕಾರಿಗೆ ಮನೆಯವರನ್ನು ಪುಕ್ಕಟೆ ಪ್ರವಾಸಕ್ಕೆ ಕರೆದೊಯ್ಯುವ ಅವಕಾಶ. ಯಾರಿಗೆ ಬೇಡ? ಕೆಲವೇ ವರ್ಷಗಳಲ್ಲಿ ಜಗತ್ತಿನ ದೊಡ್ಡ ಸಂಸ್ಥೆಗಳೆಲ್ಲ ಇದೇ ಹಾದಿ ಹಿಡಿದವು.

ನಮ್ಮಲ್ಲಿ ಈ ವಿದ್ಯೆಯನ್ನು ಚೆನ್ನಾಗಿ ಕಲಿತದ್ದು ಜೆಟ್ ಏರ್‌ವೇಸ್. ಅದರ ಜೆಟ್‌ಪ್ರಿವಿಲೇಜ್ ಎಷ್ಟು ಬೆಳೆಯಿತೆಂದರೆ ಅದನ್ನೇ ಬೇರೆ ಕಂಪನಿ ಮಾಡಿದರು, ಅದರ ಶೇಕಡಾ 50.1 ಪಾಲನ್ನು ಅಬುಧಾಬಿಯ ಎತಿಹಾದ್ ಕೊಂಡಿತು. 2019ರ ಏಪ್ರಿಲ್ 17ರಂದು ಜೆಟ್ ಹಾರುವುದನ್ನು ನಿಲ್ಲಿಸಿತು. ಪಾಯಿಂಟ್ ಕಂಪನಿ ಮಾತ್ರ ಸಾಯಲಿಲ್ಲ! ಅದೇ ವರ್ಷ 'ಇಂಟರ್‌ಮೈಲ್ಸ್' ಎಂದು ಹೆಸರು ಬದಲಿಸಿಕೊಂಡು ಅಂಗಡಿ ಮುಂದುವರಿಸಿತು. ವಿಮಾನವಿಲ್ಲದ ವಿಮಾನ ಪಾಯಿಂಟ್ ಎಂದರೆ ಗೋಪುರ ಉಳಿದು ಗುಡಿ ಬಿದ್ದ ಹಾಗೆ.

ಇದಕ್ಕೆ ಪೂರಾ ಉಲ್ಟಾ ಕಥೆ ಇಂಡಿಗೊದ್ದು. 2006ರ ಆಗಸ್ಟ್‌ನಲ್ಲಿ ಹಾರತೊಡಗಿದ ಈ ಸಂಸ್ಥೆ, ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಜೊತೆಗಿನ ಒಂದು ಕೊಡುಗೆ ಬಿಟ್ಟರೆ, 18 ವರ್ಷ ತನ್ನದೇ ಪಾಯಿಂಟ್ ಯೋಜನೆ ಇಟ್ಟುಕೊಳ್ಳಲೇ ಇಲ್ಲ. ಬಿಟ್ಟಿ ಊಟವಿಲ್ಲ, ಲೌಂಜ್ ಇಲ್ಲ, ಮೇಲ್ದರ್ಜೆಯೂ ಇರಲಿಲ್ಲ. 'ಬ್ಲೂಚಿಪ್' ಹೆಸರಿನ ಯೋಜನೆ ಬಂದದ್ದು 2024ರಲ್ಲಿ. ಅಷ್ಟರಲ್ಲಿ ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಅದರ ವಿಮಾನದಲ್ಲೇ ಕೂತಿದ್ದರು!

ಏನು ಕೊಟ್ಟು ಗಳಿಸಿತು? ಗಡಿಯಾರ. ಹೇಳಿದ ಹೊತ್ತಿಗೆ ಬಾಗಿಲು ಮುಚ್ಚುವುದು, ಹೇಳಿದ ಹೊತ್ತಿಗೆ ಇಳಿಸುವುದು. ಮಧ್ಯಾಹ್ನ ಹನ್ನೆರಡಕ್ಕೆ ಬೆಂಗಳೂರಿನಲ್ಲಿ ಮೀಟಿಂಗ್ ಇದ್ದವನಿಗೆ ಅದಕ್ಕಿಂತ ದೊಡ್ಡ ಉಪಚಾರ ಬೇರೆ ಇಲ್ಲ. 2025ರ ಡಿಸೆಂಬರ್‌ನಲ್ಲಿ ಜನರಿಗೆ ಅಷ್ಟು ಸಿಟ್ಟು ಬಂದದ್ದೂ ಇದಕ್ಕೇ. ಸದಾ ತಡವಾಗುವವನು ಇನ್ನೊಮ್ಮೆ ತಡವಾದರೆ ಗೊಣಗಿ ಸುಮ್ಮನಾಗುತ್ತೇವೆ. ಗಡಿಯಾರವನ್ನೇ ಮಾರಿದವನ ಗಡಿಯಾರ ನಿಂತರೆ ಸುಮ್ಮನಿರುವುದು ಹೇಗೆ?

---

ನಿಮಗೆ ಏನು ಸಿಗಬೇಕು?

• ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್. ಆಯ್ಕೆ ಪ್ರಯಾಣಿಕನದು.

• 24 ಗಂಟೆ ಮೊದಲೂ ತಿಳಿಸದೆ ರದ್ದು ಮಾಡಿದರೆ ಪರಿಹಾರ: ಒಂದು ಗಂಟೆಯೊಳಗಿನ ಹಾರಾಟಕ್ಕೆ ₹5,000, ಎರಡು ಗಂಟೆಯವರೆಗೆ ₹7,500, ಅದಕ್ಕೂ ಹೆಚ್ಚಿನದಕ್ಕೆ ₹10,000, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ದೆಹಲಿ–ಬೆಂಗಳೂರು ಕೊನೆಯ ವರ್ಗಕ್ಕೆ ಸೇರುತ್ತದೆ.

• ಹವಾಮಾನ, ಭದ್ರತೆಯಂಥ ಸಂಸ್ಥೆಯ ಕೈಮೀರಿದ ಕಾರಣವಿದ್ದರೆ ಈ ಪರಿಹಾರ ಇಲ್ಲ.

• ಆರು ಗಂಟೆಗೂ ಮೀರಿ ತಡವಾದರೆ ಬೇರೆ ವಿಮಾನ ಇಲ್ಲವೇ ರಿಫಂಡ್ ಕೇಳಬಹುದು. ದೀರ್ಘ ಕಾಯುವಿಕೆಗೆ ತಿಂಡಿ, ಊಟ ಸಂಸ್ಥೆಯದೇ ಖರ್ಚು.

• ಸೀಟು ಖಚಿತವಿದ್ದೂ ಹತ್ತಿಸದೆ, ಒಂದು ಗಂಟೆ ಮೀರಿ 24 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಮೂಲ ದರದ ಎರಡು ಪಟ್ಟು (ಗರಿಷ್ಠ ₹10,000). ಅದಕ್ಕೂ ತಡವಾದರೆ ನಾಲ್ಕು ಪಟ್ಟು (ಗರಿಷ್ಠ ₹20,000).

• ದೂರಿಗೆ ಸರ್ಕಾರದ 'ಏರ್‌ಸೇವಾ' ಪೋರ್ಟಲ್, ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು.

---

ಮಲ್ಯರ ಮನೆಯ ಅತಿಥಿಗಳು

ಉಪಚಾರದ ವಿಷಯದಲ್ಲಿ ಬೆಂಗಳೂರಿಗೆ ಹೇಳಿಕೊಡುವ ಅಗತ್ಯ ಯಾರಿಗೂ ಇಲ್ಲ. ಎರಡು ತುದಿಗಳನ್ನೂ ಅದು ಕಂಡಿದೆ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಕೊಟ್ಟ ಭರವಸೆ ಒಂದೇ: ಅಗ್ಗ. ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಸೀಟು ಸಂಖ್ಯೆ ಇಲ್ಲ, ಓಡಿಹೋಗಿ ಹಿಡಿಯಬೇಕು. ಟವೆಲ್ ಹಾಕಿ ಸೀಟು ಕಾಯ್ದಿಡುವ ಕಲೆ ಗೊತ್ತಿದ್ದ ನಮ್ಮವರಿಗೆ ಅದೇನು ಕಷ್ಟವಾಗಲಿಲ್ಲ. ನೀರಿಗೂ ದುಡ್ಡು. ವಿಮಾನ ತಡವಾಗುತ್ತಿತ್ತು, ಜನ ಬೈಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಬಾಳಿನಲ್ಲಿ ಮೊದಲ ಸಲ ವಿಮಾನ ಹತ್ತಿಸಿದವನ ಮೇಲೆ ಎಂಥದೋ ಒಂದು ಮಮತೆ ಉಳಿಯುತ್ತದೆ. ಗೋಪಿನಾಥ್ ಹೆಸರು ಹೇಳಿದರೆ ಇವತ್ತಿಗೂ ಹಳ್ಳಿಯ ಮೇಷ್ಟ್ರೊಬ್ಬರು ಮುಖ ಅರಳಿಸುವುದು ಅದಕ್ಕೇ.

ಇನ್ನೊಂದು ತುದಿ ಕಿಂಗ್‌ಫಿಷರ್. 2005ರ ಮೇನಲ್ಲಿ ಹಾರಿತು. ಪ್ರತಿ ಸೀಟಿಗೂ ಪರದೆ, ಪರದೆಯಲ್ಲಿ ಸ್ವತಃ ಮಾಲೀಕ ವಿಜಯ್ ಮಲ್ಯ ಬಂದು, ನಿಮ್ಮನ್ನು ನನ್ನ ಮನೆಗೆ ಬಂದ ಅತಿಥಿಗಳಂತೆ ನೋಡಿಕೊಳ್ಳಲು ಹೇಳಿದ್ದೇನೆ ಎನ್ನುತ್ತಿದ್ದರು. ಮಾತು ಸುಳ್ಳಾಗಿರಲಿಲ್ಲ. ಲಗೇಜು ಹಿಡಿಯುವವರಿಂದ ಹಿಡಿದು ಊಟದ ತಟ್ಟೆಯವರೆಗೆ ಎಲ್ಲವೂ ಥಳಥಳ. ಅಂಥ ಸೇವೆಯನ್ನು ದೇಶದೊಳಗಿನ ಹಾರಾಟದಲ್ಲಿ ಮತ್ತೆ ಕಾಣಲಿಲ್ಲ ಎಂದು ಹಲುಬುವವರು ಈಗಲೂ ಸಿಗುತ್ತಾರೆ.

2007ರಲ್ಲಿ ಕಿಂಗ್‌ಫಿಷರ್ ಡೆಕ್ಕನ್‌ನಲ್ಲಿ ಪಾಲು ಕೊಂಡಿತು, 2008ರಲ್ಲಿ ಅದಕ್ಕೆ 'ಕಿಂಗ್‌ಫಿಷರ್ ರೆಡ್' ಎಂದು ಬಣ್ಣ ಬಳಿಯಿತು. ಅಗ್ಗಕ್ಕೆ ಬಂದವರಿಗೆ ಅದು ದುಬಾರಿಯಂತೆ ಕಂಡಿತು, ವೈಭವಕ್ಕೆ ಬಂದವರಿಗೆ ಅಗ್ಗದಂತೆ ಕಂಡಿತು. ಡೆಕ್ಕನ್‌ನ ಪ್ರಯಾಣಿಕ ಸದ್ದಿಲ್ಲದೆ ಇನ್ನೊಂದು ಬಾಗಿಲಿಗೆ ಹೋದ.

ಆಮೇಲಿನದು ಎಲ್ಲರಿಗೂ ಗೊತ್ತು. 2012ರ ಅಕ್ಟೋಬರ್ ಹೊತ್ತಿಗೆ ಸಿಬ್ಬಂದಿಗೆ ಏಳು ತಿಂಗಳ ಸಂಬಳ ಬಾಕಿ. ಅವರು ಕೆಲಸ ನಿಲ್ಲಿಸಿದರು, ವಿಮಾನಗಳು ನೆಲಕ್ಕೆ ಕೂತವು, ಅದೇ ತಿಂಗಳ 20ರಂದು ಪರವಾನಗಿ ಅಮಾನತಾಯಿತು. ಕಿಂಗ್ ಕ್ಲಬ್ಬಿನ ಪಾಯಿಂಟ್‌ಗಳು ಹೊಗೆಯಾದವು. ಸೇವೆ ಸರಿಯಿಲ್ಲದೆ ಮುಳುಗಿದ ಸಂಸ್ಥೆಯಲ್ಲ ಅದು. ಸೇವೆ ಮಾಡುವವರಿಗೆ ದುಡ್ಡು ಕೊಡದೆ ಮುಳುಗಿದ್ದು. ಸಂಬಳವಿಲ್ಲದ ನಗು ಎಷ್ಟು ದಿನ ಬಾಳೀತು?

ಗಗನಸಖಿಯ ನಗುವಿನ ಹಿಂದಿನ ದುಡಿಮೆಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಪುಸ್ತಕ ಮಾಡಿದರು. ಡೆಲ್ಟಾ ಸಂಸ್ಥೆಯ ಗಗನಸಖಿಯರ ನಡುವೆ ಓಡಾಡಿ ಅವರು ಕಂಡದ್ದು: ನಗುವುದೂ ಇಲ್ಲಿ ಮೈಮುರಿಯುವ ಕೆಲಸ, ಸಿಟ್ಟು ನುಂಗುವುದೂ ಕೆಲಸ. ನೋಯ್ಡಾ, ಗುರುಗ್ರಾಮಗಳು ಕಾಲ್ ಸೆಂಟರ್‌ಗಳ ಊರು ಕೂಡ. ರಾತ್ರಿ ಹನ್ನೊಂದಕ್ಕೆ 'ನಿಮ್ಮ ಕರೆ ನಮಗೆ ಮುಖ್ಯ' ಎಂಬ ಧ್ವನಿಮುದ್ರಿಕೆಯನ್ನು ಇಪ್ಪತ್ತು ನಿಮಿಷ ಕೇಳಿದ ಮೇಲೆ ನೀವು ಉಗಿಯುವ ಹುಡುಗಿ, ಪ್ರಾಯಶಃ ನಿಮ್ಮ ಸೊಸೈಟಿಯ ಪಕ್ಕದ ಟವರ್‌ನಲ್ಲೇ ಬಾಡಿಗೆಗೆ ಇದ್ದಾಳು. ಒಂದು ಕರೆಯನ್ನು ಎಷ್ಟು ನಿಮಿಷದಲ್ಲಿ ಮುಗಿಸಿದಳು ಎಂಬುದೇ ಅವಳ ಅಂಕಪಟ್ಟಿ. ನಿಮ್ಮ ಟಿಕೆಟ್ ಬದಲಿಸುವ ಅಧಿಕಾರ ಮಾತ್ರ ಅವಳ ಕೈಯಲ್ಲಿಲ್ಲ.

ಕೊನೆಯ ಬಸ್ಸು

2023ರ ಜನವರಿ 9. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗೋ ಫಸ್ಟ್ ಸಂಸ್ಥೆಯ ದೆಹಲಿ ವಿಮಾನ. ಬೋರ್ಡಿಂಗ್ ಪಾಸ್ ಹರಿದಾಗಿದೆ, ಲಗೇಜು ವಿಮಾನದ ಹೊಟ್ಟೆ ಸೇರಿದೆ, ಬಸ್ಸುಗಳು ಒಂದೊಂದಾಗಿ ಜನರನ್ನು ಒಯ್ದಿವೆ. ಕೊನೆಯ ಬಸ್ಸಿನಲ್ಲಿ 55 ಮಂದಿ ಇನ್ನೂ ನಿಂತಿದ್ದಾರೆ. ಅವರನ್ನು ಬಿಟ್ಟು ವಿಮಾನ ಹಾರಿಹೋಯಿತು!

ಸರ್ಕಾರಿ ಬಸ್ಸಿನ ಕಂಡಕ್ಟರ್ ಕೂಡ ಹೊರಡುವ ಮೊದಲು ತಲೆ ಎಣಿಸುತ್ತಾನೆ. 55 ಜನರಲ್ಲಿ 53 ಮಂದಿಯನ್ನು ಬೇರೆ ಸಂಸ್ಥೆಯ ವಿಮಾನದಲ್ಲಿ ಕಳಿಸಲಾಯಿತು, ಇಬ್ಬರು ಹಣ ವಾಪಸ್ ಕೇಳಿದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ₹10 ಲಕ್ಷ ದಂಡ ಹಾಕಿತು. ಸಂಸ್ಥೆ ಕ್ಷಮೆ ಕೇಳಿ, ಮುಂದಿನ 12 ತಿಂಗಳಲ್ಲಿ ದೇಶದೊಳಗೆ ಎಲ್ಲಿಗಾದರೂ ಒಂದು ಬಿಟ್ಟಿ ಟಿಕೆಟ್ ಎಂದು ಘೋಷಿಸಿತು. ನಾಲ್ಕು ತಿಂಗಳು ತುಂಬುವ ಮೊದಲೇ, ಮೇ ಆರಂಭದಲ್ಲಿ, ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿ ಹಾರುವುದನ್ನೇ ನಿಲ್ಲಿಸಿತು. ಬಿಟ್ಟಿ ಟಿಕೆಟ್‌ನ ಆಯುಷ್ಯ ಸಂಸ್ಥೆಯ ಆಯುಷ್ಯಕ್ಕಿಂತ ದೊಡ್ಡದಾಗಿತ್ತು.

ವೋಚರ್ ಕೊಟ್ಟು ಸಮಾಧಾನ ಮಾಡುವ ಚಾಳಿ ಎಲ್ಲ ಕಡೆ ಇದೆ. 2025ರ ಡಿಸೆಂಬರ್ ಅವಾಂತರದಲ್ಲಿ ತೀರಾ ತೊಂದರೆಗೊಳಗಾದವರಿಗೆ ಇಂಡಿಗೊ ಘೋಷಿಸಿದ್ದೂ ₹10,000ದ ಪ್ರಯಾಣ ವೋಚರ್‌ಗಳನ್ನೇ. ಗಮನಿಸಿ, ವೋಚರ್ ಬಳಸಬೇಕಾದರೆ ಅದೇ ಸಂಸ್ಥೆಯ ವಿಮಾನವನ್ನೇ ಮತ್ತೆ ಹತ್ತಬೇಕು. ಪರಿಹಾರವೋ, ಮುಂದಿನ ಮಾರಾಟದ ಮುಂಗಡವೋ ಎಂದು ನನಗಂತೂ ಅನುಮಾನ. 2026ರ ಜನವರಿಯಲ್ಲಿ ಡಿಜಿಸಿಎ ಇಂಡಿಗೊಗೆ ₹22.20 ಕೋಟಿ ದಂಡ ವಿಧಿಸಿತು. ಅದು ಸರ್ಕಾರದ ಬೊಕ್ಕಸದ ಲೆಕ್ಕ. ನೆಲದ ಮೇಲೆ ಮಲಗಿ ರಾತ್ರಿ ಕಳೆದವನ ಜೇಬಿನ ಲೆಕ್ಕವಲ್ಲ.

ಎಲ್ಲದಕ್ಕೂ ಮಂಜೇ ಕಾರಣವೆ?

ದೆಹಲಿಯ ಚಳಿಗಾಲದಲ್ಲಿ ಸಂಸ್ಥೆಗಳ ಬತ್ತಳಿಕೆಯಲ್ಲಿ ಸದಾ ಸಿದ್ಧವಿರುವ ಬಾಣ ಮಂಜು. 'ಹವಾಮಾನ ವೈಪರೀತ್ಯದಿಂದಾಗಿ' ಎಂದರೆ ಮುಗಿಯಿತು, ಪರಿಹಾರವೂ ಇಲ್ಲ, ಪ್ರಶ್ನೆಯೂ ಇಲ್ಲ.

ಮಂಜು ನಿಜ. ಕೈಚಾಚಿದರೆ ಕೈ ಕಾಣದ ಬೆಳಗುಗಳು ಗ್ರೇಟರ್ ನೋಯ್ಡಾದಲ್ಲಿ ಬೇಕಾದಷ್ಟಿವೆ. ಆದರೆ ದೆಹಲಿಯ ರನ್‌ವೇಗಳಲ್ಲಿ ಕ್ಯಾಟ್–3 ಎಂಬ ವ್ಯವಸ್ಥೆ ಇದೆ. ಅದರಲ್ಲಿ ತರಬೇತಿ ಪಡೆದ ಪೈಲಟ್, ಅದಕ್ಕೆ ಸಜ್ಜಾದ ವಿಮಾನ ಎರಡೂ ಇದ್ದರೆ ದಟ್ಟ ಮಂಜಿನಲ್ಲೂ ಇಳಿಯಬಹುದು. 2023ರ ಡಿಸೆಂಬರ್ ಕೊನೆಯ ವಾರ ಹತ್ತಾರು ವಿಮಾನಗಳು ದೆಹಲಿಗೆ ಇಳಿಯಲಾಗದೆ ಬೇರೆ ಊರುಗಳಿಗೆ ತಿರುಗಿದವು. ತಪಾಸಣೆ ಮಾಡಿದ ಡಿಜಿಸಿಎಗೆ ಸಿಕ್ಕಿದ್ದು ಬೇರೆ ಸಂಗತಿ: ಮಂಜು ಬೀಳುವುದು ಗೊತ್ತಿದ್ದೂ ಏರ್ ಇಂಡಿಯಾ, ಸ್ಪೈಸ್‌ಜೆಟ್ ಕೆಲವು ವಿಮಾನಗಳಿಗೆ ಕ್ಯಾಟ್–3 ತರಬೇತಿ ಇಲ್ಲದ ಪೈಲಟ್‌ಗಳನ್ನು ನೇಮಿಸಿದ್ದವು. ಎರಡಕ್ಕೂ ತಲಾ ₹30 ಲಕ್ಷ ದಂಡ ಬಿತ್ತು.

ಒಳಗೆ ಕೂತವನಿಗೆ ತಿಳಿದದ್ದು 'ಮಂಜು' ಎಂದು ಮಾತ್ರ.

ಅದಾದ ಎರಡು ವಾರಕ್ಕೆ, 2024ರ ಜನವರಿ 14ರಂದು, ದೆಹಲಿಯಿಂದ ಗೋವಾಕ್ಕೆ ಹೋಗಬೇಕಿದ್ದ ವಿಮಾನದಲ್ಲಿ ತಾಸುಗಟ್ಟಲೆ ಕಾದ ಪ್ರಯಾಣಿಕನೊಬ್ಬ, ಇನ್ನೂ ತಡವಾಗುತ್ತದೆ ಎಂದು ಪ್ರಕಟಿಸುತ್ತಿದ್ದ ಪೈಲಟ್ ಮೇಲೆಯೇ ಕೈಮಾಡಿದ. ತಪ್ಪು, ಘೋರ ತಪ್ಪು. ಅದೇ ದಿನ ಇಂಡಿಗೊದ ಗೋವಾ–ದೆಹಲಿ ವಿಮಾನ ಮುಂಬೈಗೆ ತಿರುಗಿ, ಬೇಸತ್ತ ಪ್ರಯಾಣಿಕರು ಇಳಿದು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದರು. ಆ ಚಿತ್ರ ನೋಡಿ ಜನ ನಕ್ಕರು. ವಿಮಾನಯಾನ ಭದ್ರತೆಯ ಸರ್ಕಾರಿ ಸಂಸ್ಥೆ ಇಂಡಿಗೊಗೆ ₹1.20 ಕೋಟಿ ದಂಡ ಹಾಕಿತು.

ಸರತಿ ಸಾಲಿನಲ್ಲಿ ನಿಂತವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಮ್ಯಾನೇಜ್‌ಮೆಂಟ್ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಲೇಖನ ಈಗಲೂ ಓದಬೇಕಾದದ್ದು. ಎಷ್ಟು ಹೊತ್ತು ಎಂದು ಗೊತ್ತಿರುವ ಕಾಯುವಿಕೆಗಿಂತ ಗೊತ್ತಿಲ್ಲದ ಕಾಯುವಿಕೆ ಉದ್ದ. ಕಾರಣ ಹೇಳಿದ ಕಾಯುವಿಕೆಗಿಂತ ಹೇಳದ ಕಾಯುವಿಕೆ ಇನ್ನೂ ಉದ್ದ. 'ನಾಲ್ಕು ಗಂಟೆ ತಡ, ಮನೆಗೆ ಹೋಗಿ ಮಲಗಿ ಬನ್ನಿ' ಎಂದು ಮೊದಲೇ ಹೇಳಿದರೆ ಪ್ರಯಾಣಿಕ ಬೈದುಕೊಂಡಾದರೂ ಹೋಗಿ ಮಲಗುತ್ತಾನೆ. ಅರ್ಧ ಗಂಟೆ, ಇನ್ನರ್ಧ ಗಂಟೆ ಎಂದು ಎಂಟು ಸಲ ಎಳೆದರೆ ಆ ಸಂಸ್ಥೆಯ ಹೆಸರನ್ನೇ ಮನಸ್ಸಿನಿಂದ ಹೊಡೆದುಹಾಕುತ್ತಾನೆ.

---

ಕನ್ನಡ ಎಲ್ಲಿ?

ನಿಲ್ದಾಣಗಳಲ್ಲಿ ಮೊದಲು ಸ್ಥಳೀಯ ಭಾಷೆ, ಆಮೇಲೆ ಹಿಂದಿ, ಇಂಗ್ಲಿಷ್ ಪ್ರಕಟಣೆ ಇರಬೇಕು ಎಂದು 2018ರ ಕೊನೆಯಲ್ಲಿ ಕೇಂದ್ರ ಸೂಚಿಸಿತು. ವಿಮಾನದ ಒಳಗೆ ಮಾತ್ರ ಕನ್ನಡ ಇನ್ನೂ ಗಗನಸಖಿಯ ಊರನ್ನು ಅವಲಂಬಿಸಿದೆ. ಬೆಂಗಳೂರು–ದೆಹಲಿ ವಿಮಾನದಲ್ಲಿ ಸೀಟ್ ಬೆಲ್ಟ್ ಹೇಗೆ ಹಾಕಬೇಕೆಂಬುದು ಕನ್ನಡ ಒಂದೇ ಗೊತ್ತಿರುವ ತಾಯಿಗೆ ಪಕ್ಕದವರನ್ನು ನೋಡಿ ತಿಳಿಯಬೇಕು. 'ಕನ್ನಡ ಗ್ರಾಹಕರ ಕೂಟ'ದಂಥ ಗುಂಪುಗಳು ಇದನ್ನು ಗ್ರಾಹಕರ ಹಕ್ಕೆಂದೇ ಕೇಳುತ್ತ ಬಂದಿವೆ. ಪೈಲಟ್ ಒಬ್ಬರು ಕನ್ನಡದಲ್ಲಿ ನಾಲ್ಕು ಮಾತಾಡಿದರೆ ವಿಮಾನದಲ್ಲಿ ಚಪ್ಪಾಳೆ ಬೀಳುತ್ತದೆ. ಪಾಯಿಂಟ್ ಕೊಟ್ಟಾಗ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

---

ಹೋಟೆಲಿನಲ್ಲಿ ಉಳಿದ ಟಿಕೆಟ್

ಎಂಬತ್ತರ ದಶಕದ ಆರಂಭ. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ಜಂಟಿ ಸಂಸ್ಥೆ ಎಸ್‌ಎಎಸ್ ನಷ್ಟದಲ್ಲಿತ್ತು. ಯಾನ್ ಕಾರ್ಲ್‌ಸನ್ ಮುಖ್ಯಸ್ಥರಾಗಿ ಬಂದರು. ಅವರ ಪುಸ್ತಕದ ಮೊದಲಲ್ಲೇ ಒಂದು ಪ್ರಸಂಗ ಇದೆ. ಅಮೆರಿಕದ ಉದ್ಯಮಿಯೊಬ್ಬ ಸ್ಟಾಕ್‌ಹೋಮ್‌ನ ಗ್ರ್ಯಾಂಡ್ ಹೋಟೆಲಿನಲ್ಲಿ ಟಿಕೆಟ್ ಮರೆತು ನಿಲ್ದಾಣಕ್ಕೆ ಬಂದ. ಆಗ ಕಾಗದದ ಟಿಕೆಟ್. ಇಲ್ಲದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಕೌಂಟರಿನ ಹುಡುಗಿ ಅವನ ಕೈಗೆ ಬೋರ್ಡಿಂಗ್ ಕಾರ್ಡ್ ಕೊಟ್ಟು ಕೂರಿಸಿ, ಹೋಟೆಲಿಗೆ ಫೋನ್ ಮಾಡಿ, ಸಂಸ್ಥೆಯ ಕಾರು ಕಳಿಸಿ ಟಿಕೆಟ್ ತರಿಸಿದಳು. ವಿಮಾನ ಹೊರಡುವ ಮೊದಲೇ ಟಿಕೆಟ್ ಅವನ ಕೈಸೇರಿತು.

ಅವಳು ಮ್ಯಾನೇಜರನ್ನು ಕೇಳಲಿಲ್ಲ. ಕೇಳುತ್ತ ಕೂತಿದ್ದರೆ ವಿಮಾನ ಹೋಗಿರುತ್ತಿತ್ತು.

ಕಾರ್ಲ್‌ಸನ್ ಲೆಕ್ಕ ಹಾಕಿದರು: ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು, ಒಬ್ಬೊಬ್ಬರೂ ಸುಮಾರು ಐವರು ಸಿಬ್ಬಂದಿಯನ್ನು ಕಾಣುತ್ತಾರೆ, ಪ್ರತಿ ಸಲ ಸರಾಸರಿ 15 ಸೆಕೆಂಡು. ಅಂದರೆ ಸಂಸ್ಥೆ ವರ್ಷಕ್ಕೆ ಐದು ಕೋಟಿ ಸಲ, ಹದಿನೈದೇ ಸೆಕೆಂಡುಗಳಲ್ಲಿ, ಗಿರಾಕಿಯ ಮನಸ್ಸಿನಲ್ಲಿ ಬದುಕುತ್ತದೆ ಇಲ್ಲವೇ ಸಾಯುತ್ತದೆ. ಆ ಹದಿನೈದು ಸೆಕೆಂಡಿನಲ್ಲಿ ಎದುರಿಗಿರುವುದು ಮುಖ್ಯಸ್ಥನಲ್ಲ, ಕೌಂಟರಿನ ಹುಡುಗಿ. ಹಾಗಾಗಿ ಅಧಿಕಾರ ಅವಳ ಕೈಗೇ ಕೊಡಿ ಎಂದರು. ಎಸ್‌ಎಎಸ್ ಲಾಭಕ್ಕೆ ಬಂತು.

ಆದ ತಪ್ಪನ್ನು ಚೆನ್ನಾಗಿ ಸರಿಪಡಿಸಿದರೆ, ತಪ್ಪೇ ಆಗದಿದ್ದಾಗಿನದಕ್ಕಿಂತ ಹೆಚ್ಚು ನಂಬಿಕೆ ಹುಟ್ಟೀತು ಎಂದು 1992ರಲ್ಲಿ ಇಬ್ಬರು ಮಾರುಕಟ್ಟೆ ತಜ್ಞರು ಒಂದು ವಾದ ಹೂಡಿದರು. ಅದರ ಮೇಲೆ ಇನ್ನೂ ಜಗಳ ಮುಗಿದಿಲ್ಲ. ನನಗನಿಸುವುದು, ಅದು ಒಂದು ಸಲಕ್ಕೆ ನಿಜ. ಎರಡನೇ ಸಲವೂ ಟಿಕೆಟ್ ರದ್ದಾದರೆ ಯಾವ ಸಮಾಧಾನವೂ ನಾಟುವುದಿಲ್ಲ.

ಜನ ಮೆಚ್ಚಿದ ಸಂಸ್ಥೆಯೂ ಮುಗ್ಗರಿಸುತ್ತದೆ. ಅಮೆರಿಕದ ಸೌತ್‌ವೆಸ್ಟ್ ಅಲ್ಲಿನವರಿಗೆ ಅಚ್ಚುಮೆಚ್ಚಿನ ವಿಮಾನ ಸಂಸ್ಥೆ. 2022ರ ಕ್ರಿಸ್‌ಮಸ್ ಹೊತ್ತಿಗೆ ಚಳಿಗಾಳಿ ಬೀಸಿ, ಸಿಬ್ಬಂದಿಯನ್ನು ಹೊಂದಿಸುವ ಹಳೆಯ ಸಾಫ್ಟ್‌ವೇರ್ ಕೈಕೊಟ್ಟು, ಸುಮಾರು 17 ಸಾವಿರ ವಿಮಾನಗಳು ರದ್ದಾದವು. ಅಲ್ಲಿನ ಸರ್ಕಾರ ಹಾಕಿದ ದಂಡ 14 ಕೋಟಿ ಡಾಲರ್. ಇಲ್ಲಿನ ₹22.20 ಕೋಟಿಯ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ಮುಖ್ಯ, ಆ ದಂಡದ ದೊಡ್ಡ ಪಾಲನ್ನು ಮುಂದೆ ತೊಂದರೆಯಾಗುವ ಪ್ರಯಾಣಿಕರ ಪರಿಹಾರಕ್ಕೇ ಬಳಸಬೇಕು ಎಂದು ಕಟ್ಟುಮಾಡಿದರು.

ಗತಿಯಿಲ್ಲದೆ ಹತ್ತಿದವರು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಡಿಸೆಂಬರ್ ಮುಗಿದ ಮೇಲೆ ಜನ ಮತ್ತೆ ಅದೇ ಇಂಡಿಗೊ ಹತ್ತಿದರು. ಕ್ಷಮಿಸಿದರೆಂದಲ್ಲ, ಬೇರೆ ಸೀಟು ಎಲ್ಲಿತ್ತು? ದೇಶದ ಆಕಾಶದಲ್ಲಿ ಹೆಚ್ಚುಕಡಿಮೆ ಎರಡೇ ಮನೆತನ, ಇಂಡಿಗೊ ಮತ್ತು ಟಾಟಾದ ಏರ್ ಇಂಡಿಯಾ. ಒಂದು ಮುಗ್ಗರಿಸಿದಾಗ ಇನ್ನೊಂದರ ಟಿಕೆಟ್ ದರ ಎಲ್ಲಿಗೆ ಏರಿತೆಂದರೆ, ಡಿಸೆಂಬರ್ 6ರಂದು ಸರ್ಕಾರವೇ ಮಿತಿ ಹಾಕಬೇಕಾಯಿತು. 1,500 ಕಿ.ಮೀ.ಗಿಂತ ದೂರದ ಹಾರಾಟಕ್ಕೆ ₹18,000. ದೆಹಲಿ–ಬೆಂಗಳೂರು ಈ ಸಾಲಿಗೆ ಸೇರಿತು.

ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗಿ ಬರುವವರಿಗೆ ಹೀಗೆ ಗತಿಯಿಲ್ಲದೆ ಹತ್ತುವುದು ಹಳೆಯ ಅನುಭವ. ಬೈಯುತ್ತ ಹತ್ತುವುದು, ಹತ್ತಿ ಬೈಯುವುದು. ಅದನ್ನು ಸಂಸ್ಥೆಯ ಕಡತದಲ್ಲಿ 'ಮರಳಿ ಬರುವ ಗ್ರಾಹಕ' ಎಂದು ಬರೆದುಕೊಳ್ಳುತ್ತಾರೆ. ಆ ಅಂಕಿ ನೋಡಿ ಖುಷಿಪಟ್ಟವರು ಎದುರಿಗೆ ಇನ್ನೊಂದು ಬಾಗಿಲು ತೆರೆದ ದಿನ ಬೆಚ್ಚಿಬೀಳುತ್ತಾರೆ.

ಜೇವರ್ ಅಂಥ ಬಾಗಿಲಾಗಬಹುದು. ಗ್ರೇಟರ್ ನೋಯ್ಡಾದಿಂದ ಬೆಂಗಳೂರಿಗೆ ಹೊರಟವನಿಗೆ ಪಾಲಂ, ಹಿಂಡನ್, ಜೇವರ್ ಮೂರೂ ಇದ್ದಾಗ ಟಿಕೆಟ್ ದರದಲ್ಲಿ ಮುನ್ನೂರು ನಾನೂರು ರೂಪಾಯಿಯ ವ್ಯತ್ಯಾಸ ಟ್ಯಾಕ್ಸಿಯಲ್ಲೇ ಕರಗುತ್ತದೆ. ದರದಿಂದ ಅವನನ್ನು ಹಿಡಿಯುವುದು ಕಷ್ಟ.

ಹೊಸ ನಿಲ್ದಾಣದಲ್ಲಿ ಎಲ್ಲರದೂ ಹೊಸ ಕೌಂಟರ್, ಹೊಸ ಹುಡುಗ–ಹುಡುಗಿಯರು. ರಿಟ್ಜ್–ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯ ಸಮಸ್ಯೆ ಬಗೆಹರಿಸಲು ಒಬ್ಬ ಸಾಮಾನ್ಯ ನೌಕರ, ಯಾರನ್ನೂ ಕೇಳದೆ, 2,000 ಡಾಲರ್‌ವರೆಗೆ ಖರ್ಚು ಮಾಡಬಹುದು ಎಂಬ ನಿಯಮ ಪ್ರಸಿದ್ಧ. ನಮ್ಮವರು ಅಷ್ಟು ಕೊಡುವುದು ಬೇಡ. ಜೇವರ್‌ನ ಕೌಂಟರಿನಲ್ಲಿ ನಿಂತ ಹುಡುಗಿಗೆ ₹5,000ದ ಅಧಿಕಾರ ಕೊಡಲಿ: ಮುದುಕರಿಗೆ ರಾತ್ರಿ ತಂಗಲು ಕೋಣೆ, ಮಗುವಿಗೆ ಹಾಲು, ಪರೀಕ್ಷೆಗೆ ಹೊರಟವನಿಗೆ ಬೇರೆ ಸಂಸ್ಥೆಯ ಸೀಟು. ಕಾನೂನು ಹೇಳುವ ₹10,000ದ ಪರಿಹಾರದಲ್ಲಿ ಅದು ಅರ್ಧ ಮಾತ್ರ. ಇದನ್ನು ಮೊದಲು ಮಾಡುವ ಸಂಸ್ಥೆಗೆ ಬಂಗಾರದ ಬಣ್ಣದ ಕಾರ್ಡ್ ಅಚ್ಚುಹಾಕಿಸುವ ಖರ್ಚಾದರೂ ಉಳಿದೀತು.